ಹೆಗಲ ಮೇಲಿನ ವಲ್ಲಿಯ ಕೆಳಗೆ

ಗಂಗಾವತಿಯ ಅಕ್ಕಿ ಗಿರಣಿಯೊಂದರ ಮುಂದೆ ಭತ್ತದ ಲಾರಿ ಖಾಲಿಯಾಗುತ್ತಿತ್ತು. ಇಲ್ಲಿ ಭತ್ತದ ವ್ಯಾಪಾರ ನಡೆಯುವುದು 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಇಬ್ಬರು ಹಮಾಲರು ಚೀಲದ ಎರಡೆರಡು ಮೂಲೆ ಹಿಡಿದು ಎತ್ತಿಕೊಡುತ್ತಾರೆ, ಮೂರನೆಯವನು ಬಾಗಿ ಬೆನ್ನು ಕೊಡುತ್ತಾನೆ. ನೋಡುವವರ ಕಣ್ಣೆಲ್ಲ ಹೊತ್ತು ನಡೆಯುವವನ ಮೇಲೆ. ‘ಹೊರೋನಿಗೆ ನಡ ಹಿಡಿತೈತ್ರಿ, ಎತ್ತಿಕೊಡೋರಿಗೆ ಹೆಗಲು ಜಗ್ಗತೈತಿ’ ಎಂದರು ಅವರಲ್ಲಿ ಹಿರಿಯರೊಬ್ಬರು. ಅವರ ಮಾತು ಅಕ್ಷರಶಃ ನಿಜ. ಹೊತ್ತವನ ಭಾರ ಬೆನ್ನುಮೂಳೆಯ ಗುಂಟ ಸೊಂಟಕ್ಕಿಳಿಯುತ್ತದೆ. ಎತ್ತಿಕೊಡುವವರ ಒಂದೊಂದು ಕೈಗೂ ಸುಮಾರು 19 ಕೆ.ಜಿ. ಜೋತುಬೀಳುತ್ತದೆ. ಜಿಮ್ಮಿನ ಹುಡುಗರು ಎರಡು ಕೈಯಲ್ಲಿ ಡಂಬಲ್ಸ್ ಹಿಡಿದು, ಹೆಗಲನ್ನು ಕಿವಿಯತ್ತ ಎತ್ತಿ ಇಳಿಸುತ್ತಾರಲ್ಲ, ‘ಶ್ರಗ್ಸ್’ ಎನ್ನುತ್ತಾರೆ ಅದಕ್ಕೆ. ಚೀಲ ನೆಲ ಬಿಟ್ಟು ಮೇಲೇಳುವ ಆ ಗಳಿಗೆಯಲ್ಲಿ ಇವರ ಹೆಗಲು ಮಾಡುವುದೂ ಅದನ್ನೇ.

ಆ ಹಿರಿಯರ ಹೆಗಲ ಮೇಲೊಂದು ವಲ್ಲಿ ಇತ್ತು, ಕುತ್ತಿಗೆಯ ಹಿಂದಿನಿಂದ ಎರಡೂ ಕಡೆ ಇಳಿಬಿಟ್ಟದ್ದು. ನಾನು ಹೇಳಹೊರಟಿರುವ ಸ್ನಾಯು ಸರಿಯಾಗಿ ಅದರ ಕೆಳಗೇ ಇದೆ. ಹೆಸರು ಟ್ರೆಪೀಜಿಯಸ್. ತಲೆಬುರುಡೆಯ ಹಿಂಬುಡದಲ್ಲಿ ಶುರುವಾಗಿ, ಕತ್ತಿನ ಗುಂಟ ಇಳಿದು, ಕೊನೆಯ ಪಕ್ಕೆಲುಬು ಕೂಡುವ ಮಣಿಯವರೆಗೆ ಹಬ್ಬಿ, ಅಡ್ಡಲಾಗಿ ಎರಡೂ ಹೆಗಲ ತುದಿ ಮುಟ್ಟುತ್ತದೆ. ಎಡಬಲ ಎರಡನ್ನೂ ಸೇರಿಸಿ ನೋಡಿದರೆ ದೊಡ್ಡದೊಂದು ಶಂಕರಪಾಳಿಯ ಆಕಾರ.

ಇಷ್ಟಗಲದ ಸ್ನಾಯು ಯಾಕೆ ಬೇಕು? ಬೆನ್ನ ಹಿಂದೆ ಕೈಯಾಡಿಸಿದರೆ ಸಿಗುವ ಚಪ್ಪಟೆ ಹೆಗಲೆಲುಬು ಬೆನ್ನುಮೂಳೆಗೂ ಅಂಟಿಲ್ಲ, ಪಕ್ಕೆಲುಬಿಗೂ ಅಂಟಿಲ್ಲ. ಸ್ನಾಯುಗಳ ನಡುವೆ ಜಾರಾಡಿಕೊಂಡಿರುತ್ತದೆ. ಮುಂಡದ ಎಲುಬುಗಳಿಗೆ ಅದನ್ನು ಕೂಡಿಸುವುದು ಬೆರಳು ದಪ್ಪದ ಕೊರಳೆಲುಬು ಒಂದೇ. ಅದರ ಒಂದು ತುದಿ ಹೆಗಲಲ್ಲಿ, ಇನ್ನೊಂದು ಎದೆಯ ನಡುವಿನ ಎಲುಬಿನಲ್ಲಿ. ಕೊಡ, ಚೀಲ, ಕಂಕುಳ ಕೂಸು, ತೋಳಿಗೆ ಬೀಳುವ ಎಲ್ಲ ಭಾರವೂ ಈ ಏರ್ಪಾಟಿಗೇ ಜೋತುಬೀಳುತ್ತದೆ.

ಈ ಸ್ನಾಯು ಕತ್ತಿನಿಂದ ಇಳಿಬಿಟ್ಟ ಹಗ್ಗದಂತೆ ಹೆಗಲನ್ನು ನೇರ ಮೇಲಕ್ಕೆ ಎಳೆಯುತ್ತದೆ ಎಂದು ಬಹುಕಾಲ ತಿಳಿದಿದ್ದರು. ಎಳೆ ಎಳೆ ಬಿಡಿಸಿ ನೋಡಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ತಲೆಬುರುಡೆಯಿಂದ ಇಳಿಯುವ ಎಳೆಗಳು ತೆಳು, ಬಲವಾದ ಎಳೆಗಳು ಕತ್ತಿನ ಕೆಳಭಾಗದಿಂದ ಹೊರಟು ಹೆಚ್ಚುಕಡಿಮೆ ಅಡ್ಡಡ್ಡ ಸಾಗುತ್ತವೆ ಎಂದು ಅದು ತೋರಿಸಿತು. ಅಡ್ಡ ಎಳೆದರೆ ಹೆಗಲು ಮೇಲೇಳುವುದು ಹೇಗೆ? ಓರೆಯಾಗಿರುವ ಏಣಿಯ ಬುಡವನ್ನು ಒಬ್ಬ ಕಾಲಲ್ಲಿ ಒತ್ತಿ ಹಿಡಿದು, ಇನ್ನೊಬ್ಬ ತುದಿಗೆ ಹಗ್ಗ ಕಟ್ಟಿ ಬುಡದ ಕಡೆಗೆ ಅಡ್ಡ ಎಳೆದರೆ ಏಣಿ ಎದ್ದು ನಿಲ್ಲುತ್ತದೆ. ಕೊರಳೆಲುಬೇ ಇಲ್ಲಿ ಏಣಿ, ಅದರ ಬುಡ ಎದೆಯಲ್ಲಿದೆ. ಇದರಿಂದ ದೊಡ್ಡದೊಂದು ಉಪಕಾರ: ಕೈಭಾರದ ಬಹುಪಾಲು ಎದೆಯೆಲುಬಿಗೆ ಸಾಗುತ್ತದೆ, ಕತ್ತಿನ ಸೂಕ್ಷ್ಮ ಮಣಿಗಳ ಮೇಲಿನ ಒತ್ತಡ ತಗ್ಗುತ್ತದೆ. ದೇಹದ ಈ ಜಾಣ್ಮೆ ಓದಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ನರರೋಗದ ವೈದ್ಯರು ನಿಮ್ಮ ಎರಡೂ ಹೆಗಲ ಮೇಲೆ ಕೈಯೂರಿ ‘ಮೇಲೆತ್ತಿ’ ಎನ್ನುತ್ತಾರೆ. ಈ ಸ್ನಾಯುವಿಗೆ ಆಜ್ಞೆ ತರುವ ಹನ್ನೊಂದನೆಯ ಕಪಾಲ ನರ ಸರಿಯಿದೆಯೇ ಎಂದು ಅವರು ನೋಡುವುದು ಹಾಗೆ.

ಈ ಸ್ನಾಯುವಿಗೆ ಬಲ ಕೊಡುವ ಶ್ರಗ್ಸ್ ವ್ಯಾಯಾಮಕ್ಕೆ ಜಿಮ್ಮೇ ಬೇಕೆಂದಿಲ್ಲ. 5 ಲೀಟರಿನ ಎರಡು ಖಾಲಿ ಎಣ್ಣೆ ಕ್ಯಾನಿಗೆ ನೀರು ತುಂಬಿದರೆ ಕೈಗೆ ಐದೈದು ಕೆ.ಜಿ. ಆಯಿತು. ನೇರ ನಿಂತು, ಮೊಣಕೈ ಮಡಚದೆ, ಹೆಗಲನ್ನಷ್ಟೇ ಮೇಲೆತ್ತಿ ಒಂದು ಕ್ಷಣ ತಡೆದು ನಿಧಾನ ಇಳಿಸಬೇಕು. ಕತ್ತು ಮುಂದಕ್ಕೆ ಚಾಚಬಾರದು. ಹಲವರು ಹೆಗಲನ್ನು ಗಾಲಿಯಂತೆ ತಿರುಗಿಸುತ್ತಾರೆ. ಭಾರ ಎಳೆಯುವುದು ನೆಲದ ಕಡೆಗೆ ಮಾತ್ರ, ಆದ್ದರಿಂದ ಹಿಂದೆಮುಂದೆ ತಿರುಗಿಸಿದರೆ ಸ್ನಾಯುವಿಗೆ ಹೆಚ್ಚಿನ ಕೆಲಸವೇನೂ ಸಿಗದು. ಕೈಗೆ ಜುಮ್ಮು ಹಿಡಿಯುವವರು, ಕತ್ತಿನ ಮಣಿಯ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ಹಾಗಾದರೆ ದಿನವಿಡೀ ಇದನ್ನೇ ಮಾಡುವ ಹಮಾಲರ ಹೆಗಲೇಕೆ ನೋಯುತ್ತದೆ? ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಸುಕುತ್ತದೆ. ಸಡಿಲಿದಾಗಲೇ ಅದಕ್ಕೆ ಹೊಸ ರಕ್ತ, ಬಲ ಕೂಡುವುದು ವಿಶ್ರಾಂತಿಯಲ್ಲಿ. ಕುರ್ಚಿಯಲ್ಲಿ ಕೂತೇ ಹೆಗಲು ನೋವಾದ ಮಹಿಳೆಯರ ಮೇಲೆ ಡೆನ್ಮಾರ್ಕ್‌ನಲ್ಲಿ ನಡೆದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಸಲ, ಸಲಕ್ಕೆ 20 ನಿಮಿಷದಂತೆ 10 ವಾರ ಶ್ರಗ್ಸ್ ಮತ್ತು ಅಂಥ ನಾಲ್ಕು ವ್ಯಾಯಾಮ ಮಾಡಿದವರ ನೋವು ಬಹಳ ಮಟ್ಟಿಗೆ ಇಳಿಯಿತು. ವಾರಕ್ಕೆ ಒಟ್ಟು ಒಂದೇ ತಾಸು! ಗಿರಣಿಯ ಮುಂದಿನ ಹೆಗಲಿಗೆ ಅಂಥ ಬಿಡುವು ಎಲ್ಲಿದೆ? ವಯಸ್ಕ ಗಂಡಸು ಹೊರುವ ಭಾರ 55 ಕೆ.ಜಿ. ಮೀರದಂತೆ ನೋಡಿಕೊಳ್ಳಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಭತ್ತದ ಚೀಲ ಅದಕ್ಕಿಂತ 20 ಕೆ.ಜಿ. ಹೆಚ್ಚು. ಚೀಲ ಚಿಕ್ಕದಾಗಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಲಾರಿ ಅರ್ಧ ಖಾಲಿಯಾಗಿತ್ತು. ಹೊರುತ್ತಿದ್ದ ಹುಡುಗ ನಡ ನೆಟ್ಟಗೆ ಮಾಡಿಕೊಂಡು ಚೀಲದ ಮೂಲೆಗೆ ಬಂದ. ಮೂಲೆ ಹಿಡಿದಿದ್ದ ಹಿರಿಯರು ವಲ್ಲಿ ಕೊಡವಿ, ಮಡಚಿ ಕತ್ತಿನ ಹಿಂದಿಟ್ಟುಕೊಂಡು, ಬಾಗಿ ಬೆನ್ನು ಕೊಟ್ಟರು.