ಆಯುಧಪೂಜೆಯ ಬೈಕು, ಒಂದು ಹನಿ ಪೆಟ್ರೋಲು

ಮಳೆಗಾಲ ಬಂತೆಂದರೆ ಮೂಡಿಗೆರೆ, ಕಳಸದ ಸುತ್ತಿನ ತೋಟದ ಮನೆಗಳಲ್ಲಿ ಬೈಕಿಗೆ ರಜೆ. ಜೂನ್‌ನಲ್ಲಿ ಮಳೆ ಹಿಡಿದುಕೊಂಡರೆ ತೋಟದ ದಾರಿಯೆಲ್ಲ ಕೆಸರು. ಭದ್ರೆ ಉಕ್ಕಿದಾಗ ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗುವುದೂ ಉಂಟು. ಹಾಗಾಗಿ ಬೈಕನ್ನು ಸೌದೆ ಕೊಟ್ಟಿಗೆಯ ಮೂಲೆಗೆ ತಳ್ಳಿ, ಟಾರ್ಪಾಲು ಹೊದಿಸಿದರೆ ಅದು ಮತ್ತೆ ಬೆಳಕು ಕಾಣುವುದು ಆಯುಧಪೂಜೆಯ ದಿನವೇ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಮಗ ಬೆಳಿಗ್ಗೆ ಬೈಕಿನ ಪೆಟ್ರೋಲ್ ಕಾಕ್ ತಿರುಗಿಸಿ ಹತ್ತಾರು ಬಾರಿ ಕಿಕ್ ಹೊಡೆದ. ಸ್ಟಾರ್ಟ್ ಆಗಲಿಲ್ಲ. ಅಂಗಳಕ್ಕೆ ತಳ್ಳಿಕೊಂಡು ಬಂದು ತೊಳೆದು, ಸೇವಂತಿಗೆ ಹಾರ ಹಾಕಿದ. ಚಕ್ರದ ಕೆಳಗೆ ನಿಂಬೆಹಣ್ಣೂ ಇಟ್ಟಾಯಿತು. ಮನೆಯಾಕೆ ಕರ್ಪೂರದ ತಟ್ಟೆ ಹಿಡಿದು ಜಗಲಿಯ ಮೆಟ್ಟಿಲಿಳಿಯುವಾಗ ನನ್ನ ಮೂಗಿಗೆ ವಾಸನೆ ಬಡಿಯಿತು.

“ಅಲ್ಲೇ ನಿಲ್ಲು, ಹತ್ತಿರ ಬರಬೇಡ!” ಎಂದು ಕೂಗಿದೆ.

“ಏನಾಯ್ತು ರೀ?” ಎಂದವಳು ತಟ್ಟೆಯೊಂದಿಗೆ ಒಳಕ್ಕೆ ಹೋದಳು. ಬಗ್ಗಿ ನೋಡಿದರೆ ಎಂಜಿನ್ನಿನ ಕೆಳಗೆ ಅಂಗೈಯಗಲ ಒದ್ದೆ. ತೊಳೆದ ನೀರೆಂದು ಎಲ್ಲರೂ ತಿಳಿದಿದ್ದೆವು. ಅದು ಪೆಟ್ರೋಲು.

ಹರಿಯುವ ಆವಿ

“ಅಷ್ಟು ದೂರದಿಂದ ಬೆಂಕಿ ತಗಲುತ್ತದೆಯೇ ಅಪ್ಪ?” ಎಂದು ಮಗ ಕೇಳಿದ. ನನ್ನ ವಿದ್ಯಾರ್ಥಿಗಳೂ ಕೇಳುವ ಪ್ರಶ್ನೆ ಇದು. ಉರಿಯುವುದು ದ್ರವ ಪೆಟ್ರೋಲಲ್ಲ, ಅದರ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಆವಿ ಬೆರೆತರೂ ಕಿಡಿಯೊಂದು ಸಾಕು. ಇದು ಗಾಳಿಗಿಂತ ಮೂರು–ನಾಲ್ಕು ಪಟ್ಟು ಭಾರ. ಆದ್ದರಿಂದ ಹೊಗೆಯಂತೆ ಮೇಲೇರದೆ, ನೀರಿನಂತೆ ನೆಲದ ಮೇಲೆಯೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ.

ನಮ್ಮ ಕಡೆ ಸೌದೆ ಕೊಟ್ಟಿಗೆಯ ಗೋಡೆಗೆ ತಾಗಿಯೇ ಬಚ್ಚಲಿರುವುದು ಸಾಮಾನ್ಯ. ಮಳೆಗಾಲದಲ್ಲಿ ಹಂಡೆಯೊಲೆಯ ಬೆಂಕಿ ಆರುವುದೇ ಅಪರೂಪ. ಕೊಟ್ಟಿಗೆಯಲ್ಲೇ ಸೋರಿದ್ದರೆ ಏನಾಗುತ್ತಿತ್ತೆಂದು ನೀವೇ ಯೋಚಿಸಿ.

ಆದ್ದರಿಂದ ವಾಸನೆ ಬಂದೊಡನೆ ಮೊದಲು ಕಾಕ್ ಮುಚ್ಚಿ. ಬೈಕನ್ನು ಸ್ಟಾರ್ಟ್ ಮಾಡದೆ ಬಯಲಿಗೆ ತಳ್ಳಿ. ಕೊಟ್ಟಿಗೆಯ ದೀಪದ ಸ್ವಿಚ್ ಮುಟ್ಟಬೇಡಿ, ಅದರೊಳಗೂ ಸಣ್ಣ ಕಿಡಿ ಹಾರುತ್ತದೆ. ಕರೆಂಟ್ ಇಲ್ಲವೆಂದು ಮೇಣದಬತ್ತಿ ಹಿಡಿದು ಬಗ್ಗಿ ನೋಡುವುದಂತೂ ಬೇಡವೇ ಬೇಡ.

ಸೋರಿಕೆ ಎಲ್ಲಿ?

ಆ ದಿನ ಪೂಜೆಯನ್ನು ಸಂಜೆಗೆ ಮುಂದೂಡಿ, ಅಪ್ಪ–ಮಗ ಅಂಗಳದಲ್ಲೇ ಪಾಠಕ್ಕೆ ಕುಳಿತೆವು. ಹನಿ ಬಿದ್ದ ಜಾಗವೇ ಸೋರುವ ಜಾಗವಲ್ಲ; ಪೈಪು, ಎಂಜಿನ್ನುಗಳ ಮೇಲೆ ಜಾರಿ ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಹಾಗಾಗಿ ಎಲ್ಲವನ್ನೂ ಬಟ್ಟೆಯಿಂದ ಒರೆಸಿ, ಕೆಳಗೆ ಹಳೆಯ ಪತ್ರಿಕೆ ಹಾಸಿ, ಮೇಲಿನಿಂದ ಕೆಳಕ್ಕೆ ನೋಡುತ್ತ ಬರಬೇಕು. ಕಾಕ್ ಮುಚ್ಚಿದಾಗಲೂ ಹನಿ ಬಿದ್ದರೆ ದೋಷ ಟ್ಯಾಂಕಿನದು ಅಥವಾ ಕಾಕ್‌ನದು. ತೆರೆದಾಗ ಮಾತ್ರ ಬಿದ್ದರೆ ಪೈಪಿನದು, ಇಲ್ಲವೇ ಕಾರ್ಬೊರೇಟರಿನದು.

ಪೈಪು ಗಟ್ಟಿಯಾಗಿ, ಬಗ್ಗಿಸಿದರೆ ಬಿರುಕು ಕಂಡರೆ ಹೊಸದು ಹಾಕಿಸಿ. ತೋಟದವರು ಔಷಧಿ ಹೊಡೆಯುವ ಪಂಪಿನ ಪೈಪನ್ನೇ ತುಂಡರಿಸಿ ಸಿಕ್ಕಿಸುವುದುಂಟು. ಪೆಟ್ರೋಲಿಗೆಂದು ತಯಾರಾಗದ ಪೈಪು ಉಬ್ಬಿಯೋ ಮೆತ್ತಗಾಗಿಯೋ ಜಾರಿಬಿಡುತ್ತದೆ.

ನಮ್ಮ ಬೈಕಿನ ದೋಷವಿದ್ದದ್ದು ಕಾರ್ಬೊರೇಟರಿನಲ್ಲಿ. ಅದರೊಳಗೆ ಒಂದು ತೇಲುಬುರುಡೆ ಇದೆ, ಮೆಕ್ಯಾನಿಕ್‌ಗಳು ಫ್ಲೋಟ್ ಎನ್ನುತ್ತಾರೆ. ಮನೆಯ ನೀರಿನ ಟ್ಯಾಂಕಿನ ಚೆಂಡಿನಂತೆಯೇ ಇದರ ಕೆಲಸ. ಪೆಟ್ರೋಲು ತುಂಬಿದಂತೆ ಇದು ಮೇಲೇರಿ, ಚಿಕ್ಕ ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ. ಒಂಬತ್ತನೇ ತರಗತಿಯ ಆರ್ಕಿಮಿಡೀಸ್ ತತ್ತ್ವ ಇದೇ.

ಜೂನ್‌ನಲ್ಲಿ ನಾನು ಕಾಕ್ ಮುಚ್ಚಿದ್ದೆ. ಆದರೆ ಕಾರ್ಬೊರೇಟರಿನ ಪೆಟ್ರೋಲು ಖಾಲಿ ಮಾಡಿರಲಿಲ್ಲ. ಪೆಟ್ರೋಲು ಹಲವು ವಸ್ತುಗಳ ಮಿಶ್ರಣ. ಹಗುರವಾದವು ಮೊದಲು ಆರಿ ಹೋಗುತ್ತವೆ. ಉಳಿದದ್ದು, ಕಾಫಿ ಲೋಟದ ತಳದಲ್ಲಿ ಒಣಗಿದ ಕಲೆಯಂತೆ, ಅಂಟಾಗಿ ಸೂಜಿಗೆ ಮೆತ್ತಿಕೊಳ್ಳುತ್ತದೆ. ಆಗ ದಾರಿ ಪೂರ್ತಿ ಮುಚ್ಚದೆ, ಹೆಚ್ಚಾದದ್ದು ಓವರ್‌ಫ್ಲೋ ಪೈಪಿನಿಂದ ಸುರಿಯುತ್ತದೆ. ತಪ್ಪು ನನ್ನದೇ! ಮೆಕ್ಯಾನಿಕ್ ಬಿಚ್ಚಿ ತೊಳೆದುಕೊಟ್ಟಾಗ ಸರಿಹೋಯಿತು.

ಟ್ಯಾಂಕಿನೊಳಗಿನ ನೀರು

ಅರೆ ತುಂಬಿದ ಟ್ಯಾಂಕಿನಲ್ಲಿ ತೇವದ ಗಾಳಿ ಸೇರಿ, ರಾತ್ರಿಯ ತಂಪಿಗೆ ಹನಿಗಟ್ಟುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ. 2022ರಲ್ಲಿ ನೂರಕ್ಕೆ 10 ಪಾಲು ಬೆರೆಸುವ ಗುರಿ ಮುಟ್ಟಲಾಯಿತು; 20 ಪಾಲಿನ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಎಥೆನಾಲ್ ನೀರನ್ನು ಸೆಳೆದುಕೊಳ್ಳುತ್ತದೆ. ನೀರು ಮಿತಿಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿದು, ಅಲ್ಲಿಯ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತವೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಂಥ ಹಳೆಯ ಬೈಕುಗಳನ್ನು ಜೋಪಾನವಾಗಿಟ್ಟವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅವುಗಳ ರಬ್ಬರ್ ಭಾಗಗಳು ಎಥೆನಾಲ್‌ಗೆಂದು ತಯಾರಾದವಲ್ಲ.

ಟ್ಯಾಂಕು ತೂತಾದರೆ ಸಾಬೂನು ಮೆತ್ತುವುದು ಹಳೆಯ ಉಪಾಯ. ಸಾಬೂನು ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ್ದರಿಂದ ಹನಿ ನಿಲ್ಲುತ್ತದೆ. ಆದರೆ ಅದು ತಾತ್ಕಾಲಿಕ, ಅದನ್ನು ನಂಬಿ ಬೈಕು ಓಡಿಸಬಾರದು. ಖಾಲಿ ಮಾಡಿದ್ದೇವಲ್ಲ ಎಂದು ವೆಲ್ಡಿಂಗ್ ಮಾಡಿಸುವುದು ಇನ್ನೂ ಅಪಾಯ. ಖಾಲಿ ಟ್ಯಾಂಕಿನ ತುಂಬ ಆವಿಯಿದ್ದು, ಅದು ಬಾಂಬಿನಂತೆ ಸಿಡಿಯಬಲ್ಲದು.

2020ರ ಏಪ್ರಿಲ್ ನಂತರದ ಬಹುತೇಕ ಬೈಕುಗಳಲ್ಲಿ ಕಾರ್ಬೊರೇಟರಿಲ್ಲ. ಪಂಪು ಒತ್ತಡದಿಂದ ಪೆಟ್ರೋಲು ಕಳಿಸುತ್ತದೆ. ಅವನ್ನು ಮನೆಯಲ್ಲಿ ಬಿಚ್ಚದೆ ಮೆಕ್ಯಾನಿಕ್‌ಗೆ ಒಪ್ಪಿಸಿ.

ಮುಂದಿನ ಜೂನ್‌ಗೆ

ಬೈಕನ್ನು ಒಳಗಿಡುವ ಮುನ್ನ ಟ್ಯಾಂಕು ತುಂಬಿಸಿ, ತೇವದ ಗಾಳಿಗೆ ಜಾಗ ಉಳಿಯದಿರಲಿ. ಬಯಲಿನಲ್ಲಿ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಕಾರ್ಬೊರೇಟರು ಬಹುಪಾಲು ಬರಿದಾಗುತ್ತದೆ. ಬಚ್ಚಲ ಒಲೆಯಿಂದ ದೂರ, ಗಾಳಿಯಾಡುವ ಕಡೆ ನಿಲ್ಲಿಸಿ. ಹೊರತೆಗೆದ ದಿನ ಮಕ್ಕಳಿಂದಲೇ ಒರೆಸಿಸಿ, ಹುಡುಕಿಸಿ. ಬಿಚ್ಚುವ ಕೆಲಸ ಮಾತ್ರ ದೊಡ್ಡವರದು.

ನಮ್ಮ ಮನೆಯಲ್ಲೀಗ ಆಯುಧಪೂಜೆಯ ಹಿಂದಿನ ಸಂಜೆಯೇ ಬೈಕನ್ನು ಅಂಗಳಕ್ಕೆ ತಂದು, ಕಾಕ್ ತೆರೆದು, ಕೆಳಗೆ ಪತ್ರಿಕೆ ಹಾಸುತ್ತೇವೆ. ಅರ್ಧ ಗಂಟೆಯಾದರೂ ಕಾಗದ ಒಣಗಿಯೇ ಇದ್ದರೆ ಮಾತ್ರ ಮರುದಿನ ಅರಿಸಿನ–ಕುಂಕುಮ. ಆರತಿಯನ್ನು ಈಗಲೂ ಎತ್ತುತ್ತೇವೆ, ಹತ್ತು ಹೆಜ್ಜೆ ದೂರ ನಿಂತು.