ಕಾರ್ಡ್ ಇದ್ದರೆ ಸಾಲದು, ಚೀಟಿಯೂ ಬೇಕು

ಎರಡು ವರ್ಷದ ಹಿಂದೆ, ಅಡಿಕೆ ಕೊಯ್ಲಿನ ಸಮಯ. 71ರ ಅಪ್ಪನಿಗೆ ತೋಟದಿಂದ ಮೇಲೆ ಹತ್ತುವಾಗ ಏದುಸಿರು. ಪೇಟೆಯ ಡಾಕ್ಟ್ರು ಪರೀಕ್ಷೆ ಮಾಡಿ, "ರಕ್ತನಾಳ ಕಟ್ಟಿದೆ, ಹದಿನೈದು ದಿನದೊಳಗೆ ಸ್ಟೆಂಟ್ ಹಾಕಿಸಿ" ಅಂದರು.

ನಮ್ಮದು ಬಿಪಿಎಲ್ ರೇಶನ್ ಕಾರ್ಡು. ಆಯುಷ್ಮಾನ್ ಕಾರ್ಡೂ ಇತ್ತು. ಅದೇ ಧೈರ್ಯದಲ್ಲಿ ಸೀದಾ ಖಾಸಗಿ ಆಸ್ಪತ್ರೆಗೆ ಹೋದೆವು. ಕೌಂಟರಿನಲ್ಲಿ ಕೇಳಿದ್ದು ಒಂದೇ: "ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಎಲ್ಲಿ?" ಇರಲಿಲ್ಲ. ವಾಪಸು ಬರಲು ಹೆದರಿಕೆ. ದುಡ್ಡು ಕಟ್ಟಿಯೇ ಮಾಡಿಸಿದೆವು. ಅಪ್ಪ ಗುಣವಾದರು, ಮೂರು ಕ್ವಿಂಟಾಲ್ ಚಾಲಿಯ ದುಡ್ಡು ಹೋಯಿತು.

ಯೋಜನೆ ಹೇಗಿದೆ?

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ 2018ರಲ್ಲಿ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಮಿತಿ ವರ್ಷಕ್ಕೆ ಒಂದೂವರೆ ಲಕ್ಷ. ವಯಸ್ಸಿನ ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಮೊದಲೇ ಇದ್ದರೂ ಪರವಾಗಿಲ್ಲ.

ದಾರಿ ಮಾತ್ರ ಸರಕಾರಿ ಆಸ್ಪತ್ರೆಯ ಮೂಲಕವೇ. ಮೊದಲು ಅಲ್ಲಿ ತೋರಿಸಬೇಕು. ಆ ಚಿಕಿತ್ಸೆ ಅಲ್ಲಿ ಸಿಗದಿದ್ದರೆ ಚೀಟಿ ಬರೆದು ಕೊಡುತ್ತಾರೆ. ಅದನ್ನು ಹಿಡಿದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಸಂದರ್ಭಕ್ಕೆ ಚೀಟಿ ಬೇಡ. ಬರೇ ಹೊರರೋಗಿಯಾಗಿ ತೋರಿಸಿ ಮದ್ದು ತಂದರೆ ಆ ಖರ್ಚು ಇದರಲ್ಲಿ ಬರುವುದಿಲ್ಲ.

70 ದಾಟಿದವರಿಗೆ

2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರ ಆಯುಷ್ಮಾನ್ ವಯ ವಂದನಾ ಕಾರ್ಡ್ ಆರಂಭಿಸಿತು. ಇದಕ್ಕೆ ಆದಾಯ ಕೇಳುವುದಿಲ್ಲ. ಆದರೆ 5 ಲಕ್ಷ ತಲೆಗಲ್ಲ, ಮನೆಗೆ. ಅಜ್ಜ-ಅಜ್ಜಿ ಇಬ್ಬರೂ 70 ದಾಟಿದ್ದರೆ ಅದನ್ನೇ ಹಂಚಿಕೊಳ್ಳಬೇಕು. ವಯಸ್ಸಿಗೆ ಆಧಾರವೇ ಲೆಕ್ಕ. ನಮ್ಮ ಹಿರಿಯರ ಹುಟ್ಟಿದ ವರ್ಷವನ್ನು ಆಧಾರ್‌ನಲ್ಲಿ ಅಂದಾಜಿಗೆ ಬರೆಸಿದ್ದೇ ಹೆಚ್ಚು, ಈಗಲೇ ನೋಡಿಕೊಳ್ಳಿ. ಈ ಕಾರ್ಡ್ ನೆಚ್ಚಿ ಹೊರಡುವ ಮೊದಲು, ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ವಿಚಾರಿಸಿ.

ಚಿಕ್ಕಪ್ಪನ ಸರದಿ

ಕಳೆದ ವರ್ಷ ಚಿಕ್ಕಪ್ಪನಿಗೂ ಅದೇ ತೊಂದರೆ. ಈ ಸಲ ತಾಲೂಕು ಆಸ್ಪತ್ರೆಗೆ ಮೊದಲು ಹೋದೆವು. ಅರ್ಧ ದಿನ ಕಾಯಬೇಕಾಯಿತು, ಚೀಟಿ ಸಿಕ್ಕಿತು. ದೊಡ್ಡಾಸ್ಪತ್ರೆಯಲ್ಲಿ ಆರೋಗ್ಯ ಮಿತ್ರರನ್ನು ಹುಡುಕಿ ಕಾಗದ ಕೊಟ್ಟೆವು. ಸ್ಟೆಂಟಿಗೆ ನಾವು ದುಡ್ಡು ಕಟ್ಟಲಿಲ್ಲ.

ಈಗ ಹಿರಿಯರ ಆಧಾರ್, ರೇಶನ್ ಕಾರ್ಡ್, ಆಯುಷ್ಮಾನ್ ಕಾರ್ಡಿನ ಪ್ರತಿಗಳನ್ನು ಪಹಣಿಯ ಕಡತದಲ್ಲೇ ಇಟ್ಟಿದ್ದೇನೆ. ರೇಶನ್ ಕಾರ್ಡಿನಲ್ಲಿ ಅವರ ಹೆಸರು ಇದೆಯೋ ಎಂದೂ ನೋಡಿದ್ದೇನೆ. ನೀವೂ ಇವತ್ತೇ ನೋಡಿ. ರಾತ್ರಿ ಹೊತ್ತು ಜೀಪು ತರಿಸಿದ ಮೇಲೆ ಕಾಗದ ಹುಡುಕಲು ಆಗುವುದಿಲ್ಲ.