ಪಿಕಪ್ ಮೂತಿ ಎತ್ತಿದರೆ

ಟ್ರೇಲರ್ ಸಿಕ್ಕಿಸಿದ ಕೂಡಲೇ ಪಿಕಪ್ ಹಿಂದೆ ಕುಸಿದು ಮೂತಿ ಎತ್ತಿತಾ? ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಯ್ತು ಅಂತ ಅರ್ಥ. ಸ್ಟೀರಿಂಗ್ ಹಗುರ, ಬ್ರೇಕ್ ಹಿಡಿತ ಸಡಿಲ, ಹೆಡ್‌ಲೈಟು ಎದುರಿನವರ ಕಣ್ಣಿಗೆ!

ಅಮೆರಿಕದಲ್ಲಿ ಬಹಳ ಜನ ಹಿಂದಿನ ಸಸ್ಪೆನ್ಷನ್‌ಗೆ ಏರ್‌ಬ್ಯಾಗ್ ಹಾಕಿಸಿ ಗಾಳಿ ತುಂಬ್ತಾರೆ. ಗಾಡಿ ಮಟ್ಟಸವಾಗುತ್ತೆ, ಸರಿ. ಆದರೆ ಕಳೆದುಹೋದ ಭಾರ ಮುಂದಿನ ಆಕ್ಸಲ್‌ಗೆ ವಾಪಸ್ ಬರಲ್ಲ. ಅದನ್ನು ತರೋದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದ್ರೆ ಭಾರ ಹಂಚುವ ಟ್ರೇಲರ್ ಕೊಂಡಿ. ಅದರ ಎರಡು ಸ್ಪ್ರಿಂಗ್ ಬಾರ್‌ಗಳು ಹಾರೆಯ ಹಾಗೆ ಮೀಟಿ, ಭಾರವನ್ನು ಮುಂದಕ್ಕೆ ದಾಟಿಸುತ್ತವೆ. ಸರಿ ಕೂತಿದೆಯಾ? ಟ್ರೇಲರ್ ಹಾಕುವ ಮೊದಲು, ಹಾಕಿದ ಮೇಲೆ, ಮುಂದಿನ ಫೆಂಡರ್ ಎತ್ತರವನ್ನು ಟೇಪ್ ಹಿಡಿದು ಅಳೆದುಬಿಡಿ.

ಟ್ರೇಲರ್ ಓಲಾಡ್ತಿದ್ರೆ ಲೋಡ್ ನೋಡಿ. ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇ. 10ರಿಂದ 15 ಹಿಚ್ ಮೇಲಿರಬೇಕು; 3,000 ಕೆಜಿಗೆ 300ರಿಂದ 450. ಸಾಮಾನೆಲ್ಲ ಹಿಂದಕ್ಕೆ ಹೇರಿದ್ರೆ ಯಾವ ಹಿಚ್ಚೂ ಕಾಪಾಡಲ್ಲ.